ಎಳೆಯ ಒಲವು ಮತ್ತು ಗೆಳೆತನ: ‘ದಿ ವಂಡರ್ ಇಯರ್ಸ್’ ಧಾರಾವಾಹಿಯ ಒಂದು ವಿಮರ್ಶೆ

ಹದಿಹರೆಯದ ಮನಸ್ಸಿನಲ್ಲಿ ಮೊದಲ ಬಾರಿಗೆ ಮೂಡುವ ಒಲವನ್ನು ಲೋಕವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎದುರುಗೊಳ್ಳುತ್ತದೆ. ಮನೆಯಲ್ಲಿ ಒಡಹುಟ್ಟಿದವರು ಅದನ್ನು ಕಂಡು ನಗುತ್ತಾರೆ. ಶಾಲೆಯಲ್ಲಿ ಉಪಾಧ್ಯಾಯರಾದ ನಾವು ಅದನ್ನು ಕಂಡು ಗದರುತ್ತೇವೆ. ಅದು ಏನೆಂದು ಕೇಳುವ ತಾಳ್ಮೆ ಇಬ್ಬರಿಗೂ ಇರುವುದು ಅಪೂರ್ವ. ಸಾಹಿತ್ಯವೂ ಈ ವಿಷಯದಲ್ಲಿ ಬಹುಕಾಲ ಉದಾಸೀನವಾಗಿಯೇ ಇದ್ದಿತೆನ್ನಬೇಕು. ನಮ್ಮ ಆಲಂಕಾರಿಕರು ಶೃಂಗಾರವನ್ನು ಎಷ್ಟೋ ಭೇದಗಳಾಗಿ ವಿಂಗಡಿಸಿದರೂ ಅವರ ಕಣ್ಣಮುಂದೆ ಇದ್ದವರು ಪ್ರಾಯಕ್ಕೆ ಬಂದ ನಾಯಕ ನಾಯಿಕೆಯರೇ ಹೊರತು, ಪುಸ್ತಕದ ಹೊರೆ ಹೊತ್ತು ಏಳನೆಯ ತರಗತಿಗೆ ಹೋಗುವ ಹನ್ನೆರಡು ವರ್ಷದ ಮಕ್ಕಳಲ್ಲ. ಇಂಥ ಮಕ್ಕಳ ಒಲವನ್ನು ಹಾಸ್ಯದ ಚೌಕಟ್ಟಿನೊಳಗೆ ಇಟ್ಟುಕೊಂಡೂ ಅದರ ಗೌರವಕ್ಕೆ ಕುಂದು ತಾರದೆ ಚಿತ್ರಿಸಿದ ಒಂದು ದೂರದರ್ಶನ ಕೃತಿಯನ್ನು ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಅಮೆರಿಕದ ಎ.ಬಿ.ಸಿ. ಸಂಸ್ಥೆಯು 1988ರ ಜನವರಿ 31ರಂದು ಆರಂಭಿಸಿ 1993ರ ಮೇ 12ರವರೆಗೆ ಪ್ರಸಾರ ಮಾಡಿದ ‘ದಿ ವಂಡರ್ ಇಯರ್ಸ್’ ಎಂಬ ಧಾರಾವಾಹಿಯೇ ಆ ಕೃತಿ. ಇದನ್ನು ರೂಪಿಸಿದವರು ನೀಲ್ ಮಾರ್ಲೆನ್ಸ್ ಮತ್ತು ಕ್ಯಾರೊಲ್ ಬ್ಲ್ಯಾಕ್ ಎಂಬ ದಂಪತಿಗಳು. ಒಂದೊಂದು ಕಂತಿಗೂ ಅರ್ಧ ಗಂಟೆಯ ಅವಧಿ. ಆರು ಋತುಗಳಲ್ಲಿ ಒಟ್ಟು 115 ಕಂತುಗಳು. ಮೊದಲ ಆರು ಕಂತುಗಳು ಮಾತ್ರ ಪ್ರಸಾರವಾಗಿದ್ದಾಗಲೇ, 1988ರಲ್ಲಿ, ಅತ್ಯುತ್ತಮ ಹಾಸ್ಯ ಧಾರಾವಾಹಿಗೆ ಸಲ್ಲುವ ಎಮಿ ಪ್ರಶಸ್ತಿ ಇದಕ್ಕೆ ದೊರೆಯಿತು. ಕಥೆ ನಡೆಯುವುದು 1968ರಿಂದ 1973ರವರೆಗೆ, ಹೆಸರಿಲ್ಲದ ಒಂದು ಉಪನಗರದಲ್ಲಿ. ಕೆವಿನ್ ಆರ್ನಾಲ್ಡ್ ಎಂಬ ಹುಡುಗ ಕಥಾನಾಯಕ. ಎದುರುಮನೆಯ ವಿನ್ನಿ ಕೂಪರ್ ಅವನ ಬಾಲ್ಯದ ಒಡನಾಡಿ; ಪಾಲ್ ಫೈಫರ್ ಅವನ ಪ್ರಾಣಸ್ನೇಹಿತ. ಈ ಮೂವರ ಪಾತ್ರಗಳನ್ನು ಕ್ರಮವಾಗಿ ಫ್ರೆಡ್ ಸ್ಯಾವೇಜ್, ಡ್ಯಾನಿಕಾ ಮೆಕೆಲರ್, ಜಾಶ್ ಸವಿಯಾನೊ ಎಂಬ ಬಾಲನಟರು ವಹಿಸಿದರು. ಕಥೆಯ ಮಕ್ಕಳು ಬೆಳೆದಂತೆ ನಟರೂ ನೋಡುಗರ ಕಣ್ಣೆದುರಿನಲ್ಲಿಯೇ ಬೆಳೆದುದು ಈ ಕೃತಿಗೆ ಒದಗಿದ ಒಂದು ಭಾಗ್ಯವೆನ್ನಬೇಕು.

ಮೊದಲಿಗೆ ಕೃತಿಯ ನಿರೂಪಣಾಕ್ರಮವನ್ನು ಗಮನಿಸೋಣ. ತೆರೆಯ ಮೇಲೆ ಕಾಣುವವನು ಹನ್ನೆರಡರ ಹುಡುಗ. ಕೇಳಿಬರುವುದು ಇಪ್ಪತ್ತು ವರ್ಷ ಮುಂದೆ ನಿಂತು ಹಿಂದಿರುಗಿ ನೋಡುವ ಪ್ರೌಢ ಕೆವಿನ್ನನ ಧ್ವನಿ. ಡೇನಿಯಲ್ ಸ್ಟರ್ನ್ ಎಂಬ ನಟರು ತೆರೆಯ ಮೇಲೆ ಕಾಣಿಸಿಕೊಳ್ಳದೆ ಈ ಧ್ವನಿಯನ್ನು ಒದಗಿಸಿದ್ದಾರೆ. ಹುಡುಗನು ಎಡವುತ್ತಾನೆ, ಪ್ರೌಢನು ಆ ಎಡವನ್ನು ವಿವರಿಸುತ್ತಾನೆ. ಹುಡುಗನು ಹೇಳಲಾರದೆ ನುಂಗಿಕೊಂಡ ಮಾತು ಪ್ರೌಢನ ಬಾಯಿಂದ ಹೊರಡುತ್ತದೆ. ಇಲ್ಲಿಯ ಹಾಸ್ಯವೆಲ್ಲ ಹುಟ್ಟುವುದು ಈ ಇಬ್ಬರ ನಡುವಣ ಅಂತರದಿಂದ. ಆ ಕಾಲದ ಅಮೆರಿಕದ ಹಾಸ್ಯ ಧಾರಾವಾಹಿಗಳಲ್ಲಿ ಸಭಿಕರ ನಗೆಯ ಸದ್ದನ್ನು ಕೇಳಿಸುವ ಪದ್ಧತಿ ಬಲವಾಗಿದ್ದಿತು. ಎಲ್ಲಿ ನಗಬೇಕೆಂಬುದನ್ನು ಆ ಸದ್ದೇ ನೋಡುಗನಿಗೆ ಅಪ್ಪಣೆ ಮಾಡುತ್ತಿದ್ದಿತು. ಈ ಕೃತಿಯಲ್ಲಿ ಅಂಥ ಸದ್ದಿಲ್ಲ. ಹುಡುಗನ ಒಲವನ್ನು ಕಂಡು ಮನಸಾರೆ ನಗುವ ಅಧಿಕಾರ ಇಲ್ಲಿ ಒಬ್ಬನಿಗೆ ಮಾತ್ರ ಉಂಟು. ಅವನು ಅದೇ ಹುಡುಗನು ಬೆಳೆದು ಆದ ಮನುಷ್ಯ. ಅನ್ಯರ ನಗೆ ಅಪಹಾಸ್ಯವಾಗಬಹುದಾಗಿದ್ದ ಎಡೆಯಲ್ಲಿ ತನ್ನ ನಗೆ ಅನುಕಂಪವಾಗುತ್ತದೆ. ಕೃತಿಯ ಸಮಸ್ತ ಔಚಿತ್ಯವೂ ಈ ಒಂದು ನಿರ್ಧಾರವನ್ನು ಅವಲಂಬಿಸಿದೆಯೆಂದರೆ ಅತಿಶಯೋಕ್ತಿಯಾಗಲಾರದು.

ಇನ್ನು ಮೊದಲ ಕಂತಿನ ರಚನೆಯನ್ನು ಪರಿಶೀಲಿಸಬಹುದು. ರಾಬರ್ಟ್ ಕೆನಡಿಯವರು 1968ರ ಜೂನ್ ತಿಂಗಳಲ್ಲಿ ಹತರಾದರು. ಅವರ ಹೆಸರನ್ನು ಹೊಸದಾಗಿ ಇಟ್ಟುಕೊಂಡ ಶಾಲೆಗೆ ಮಕ್ಕಳು ಆ ವರ್ಷದ ಶರತ್ಕಾಲದಲ್ಲಿ ಮೊದಲ ದಿನ ಹೊರಡುತ್ತಾರೆ. ಬಸ್ಸಿಗಾಗಿ ಕಾಯುವಲ್ಲಿಗೆ ವಿನ್ನಿ ಬರುತ್ತಾಳೆ. ಜಡೆಯಿಲ್ಲ, ಕನ್ನಡಕವಿಲ್ಲ, ಉಡುಪು ಹೊಸದು. ಇನ್ನು ಮುಂದೆ ತನ್ನನ್ನು ಪೂರ್ಣನಾಮದಿಂದ ಗ್ವೆಂಡೊಲಿನ್ ಎಂದು ಕರೆಯಬೇಕೆಂದು ಗೆಳೆಯರಿಗೆ ತಿಳಿಸುತ್ತಾಳೆ. ನಿನ್ನೆಯವರೆಗೆ ಜೊತೆಯಲ್ಲಿ ಆಡಿದವಳನ್ನು ಹುಡುಗನು ಆ ಗಳಿಗೆಯಲ್ಲಿ ಹೊಸಬಳನ್ನು ಕಂಡಂತೆ ಕಾಣುತ್ತಾನೆ.

ಇಲ್ಲಿ ಒಂದು ಸೂಕ್ಷ್ಮವುಂಟು. ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ವಿಪ್ರಲಂಭ ಶೃಂಗಾರವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕಾಗಿ ವಿಭಾಗಿಸಿದ್ದಾನೆ. ಪೂರ್ವರಾಗವು ಶ್ರವಣದಿಂದ ಅಥವಾ ದರ್ಶನದಿಂದ ಹುಟ್ಟುವುದೆಂದು ಅವನ ಮತ. ಆದರೆ ಬಾಲ್ಯದ ಗೆಳೆಯರಲ್ಲಿ ಹುಟ್ಟುವ ಒಲವಿಗೆ ಮೊದಲ ದರ್ಶನವೆಂಬುದೇ ಇಲ್ಲ. ಅವಳ ಹೆಸರು ಗೊತ್ತು, ಮನೆ ಗೊತ್ತು, ಅವಳು ಯಾವಾಗ ಅಳುತ್ತಾಳೆಂಬುದೂ ಗೊತ್ತು. ಗೊತ್ತಿದ್ದುದೇ ಒಂದು ಬೆಳಗ್ಗೆ ಗೊತ್ತಿಲ್ಲದುದಾಗಿ ತೋರುವುದು ಇಂಥ ಒಲವಿನ ಲಕ್ಷಣ. ಅಪರಿಚಿತರಲ್ಲಿ ಒಲವು ಪರಿಚಯದ ಕಡೆಗೆ ನಡೆಯುತ್ತದೆ. ಗೆಳೆಯರಲ್ಲಿ ಅದು ಪರಿಚಯದಿಂದ ದೂರ ಸರಿಯುತ್ತದೆ. ಆದಕಾರಣವೇ ಅದರಲ್ಲಿ ಹರ್ಷಕ್ಕಿಂತ ಭಯ ಹೆಚ್ಚು. ಪಡೆಯಬಹುದಾದುದು ಏನೆಂದು ತಿಳಿಯದು. ಕಳೆದುಕೊಳ್ಳಬಹುದಾದುದು ಏನೆಂದು ಮಾತ್ರ ಚೆನ್ನಾಗಿ ತಿಳಿದಿದೆ.

ಈ ಭಯವನ್ನು ಕೃತಿಯು ಉಪನ್ಯಾಸದಿಂದ ಹೇಳದೆ ಘಟನೆಯಿಂದ ತೋರಿಸುತ್ತದೆ. ಶಾಲೆಯ ಊಟದ ಮನೆಯಲ್ಲಿ ಅಣ್ಣನಾದ ವೇಯ್ನ್, ಎಲ್ಲರ ಮುಂದೆ, ವಿನ್ನಿಯೂ ಕೇಳುವಂತೆ, ತಮ್ಮನಿಗೆ ಅವಳ ಮೇಲೆ ಮನಸ್ಸಿದೆಯೆಂದು ಕೆಣಕುತ್ತಾನೆ. ಕೆವಿನ್ ಕೋಪದಿಂದ ಅದನ್ನು ಅಲ್ಲಗಳೆಯುತ್ತಾನೆ. ಅಲ್ಲಗಳೆದ ಮಾತು ಅಣ್ಣನನ್ನು ಗುರಿಯಾಗಿಟ್ಟು ಹೊರಟರೂ ತಾಗಿದುದು ವಿನ್ನಿಗೆ. ಅವಮಾನದಿಂದ ಹೊರಹೊರಟವನನ್ನು ಉಪಮುಖ್ಯೋಪಾಧ್ಯಾಯರು ಕೈಯಲ್ಲಿದ್ದ ಸೇಬಿನ ಹಣ್ಣಿಗಾಗಿ ತಡೆಯುತ್ತಾರೆ. ತಿನಿಸನ್ನು ಹೊರಗೆ ಒಯ್ಯಬಾರದೆಂಬುದು ನಿಯಮ. ಹುಡುಗನು ಆ ಹಣ್ಣನ್ನು ಊಟದ ಮನೆಯೊಳಕ್ಕೇ ಬೀಸಿ ಎಸೆಯುತ್ತಾನೆ. ತಂದೆತಾಯಿಗಳಿಗೆ ಕರೆ ಹೋಗುತ್ತದೆ. ನಿಯಮಭಂಗವನ್ನು ಕಂಡ ಹಿರಿಯರಲ್ಲಿ ಒಬ್ಬರಾದರೂ ಅದರ ಕಾರಣವನ್ನು ಕಾಣಲಿಲ್ಲವೆಂಬುದನ್ನು ನಮ್ಮ ಓದುಗರಾದ ಉಪಾಧ್ಯಾಯ ಬಂಧುಗಳು ಗಮನಿಸಬೇಕು.

ಶಿಕ್ಷೆಯನ್ನು ನಿರೀಕ್ಷಿಸುತ್ತ ಮನೆಗೆ ಬಂದ ಹುಡುಗನಿಗೆ ಕಾದಿದ್ದುದು ಬೇರೆಯೇ ಸುದ್ದಿ. ವಿನ್ನಿಯ ಅಣ್ಣ ಬ್ರಯನ್ ವಿಯೆಟ್ನಾಂ ಯುದ್ಧದಲ್ಲಿ ಮಡಿದಿದ್ದಾನೆ. ತಂದೆಯ ಕೋಪ ಅಲ್ಲಿಗೇ ನಿಂತುಹೋಗುತ್ತದೆ. ಸಂಜೆ ಕೆವಿನ್ ತಾವು ಆಡುತ್ತಿದ್ದ ಹಾರ್ಪರ್ಸ್ ವುಡ್ಸ್ ಎಂಬ ತೋಪಿಗೆ ಹೋಗುತ್ತಾನೆ. ಅಲ್ಲಿ ಬಂಡೆಯ ಮೇಲೆ ಒಬ್ಬಳೇ ಕುಳಿತಿರುವ ವಿನ್ನಿಗೆ ತನ್ನ ಅಂಗಿಯನ್ನು ಹೊದಿಸುತ್ತಾನೆ. ಅವರ ಮೊದಲ ಮುತ್ತು ಅಲ್ಲಿ ನಡೆಯುತ್ತದೆ. ಮಡಿದವನು ಪ್ರೇಮಿಗಳಲ್ಲಿ ಒಬ್ಬನಲ್ಲವಾದ್ದರಿಂದ ಶಾಸ್ತ್ರದ ಕರುಣ ವಿಪ್ರಲಂಭಕ್ಕೆ ಇಲ್ಲಿ ಎಡೆಯಿಲ್ಲ. ಆದರೂ ಈ ಒಲವಿನ ಹೊಸ್ತಿಲಲ್ಲಿ ಶೋಕ ಕುಳಿತಿದೆಯೆಂಬುದನ್ನು ಮರೆಯುವಂತಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾವು ಈ ದೃಶ್ಯವನ್ನು ಆಕ್ಷೇಪಿಸುತ್ತಿದ್ದೆವು. ಹುಡುಗಿಯ ದುಃಖವನ್ನು ಹುಡುಗನ ಪ್ರಾಪ್ತಿಗೆ ಮೆಟ್ಟಿಲಾಗಿಸುವುದು ಅಗ್ಗದ ಕಥೆಗಾರರ ಹಳೆಯ ಉಪಾಯ. ಆದರೆ ಎರಡನೆಯ ಕಂತು ಆ ಮುತ್ತಿನ ಫಲವನ್ನು ಉಣಿಸಲು ಹೋಗುವುದಿಲ್ಲ. ಮಾರನೆಯ ದಿನಗಳಲ್ಲಿ ಇಬ್ಬರಿಗೂ ಮುಖವೆತ್ತಿ ಮಾತನಾಡಲಾಗದು. ಮುತ್ತಿಕ್ಕಿದುದರಿಂದ ಗೆಳೆತನಕ್ಕೇ ಕುತ್ತು ಬಂದಿದೆ. ಕಡೆಗೆ ಆ ಇಬ್ಬರೂ ಉಯ್ಯಾಲೆಗಳ ಮೇಲೆ ಚಿಕ್ಕ ಮಕ್ಕಳಂತೆ ತೂಗಿಕೊಳ್ಳುವಲ್ಲಿ ಕಂತು ಮುಗಿಯುತ್ತದೆ. ಮುತ್ತಿನಿಂದ ಉಯ್ಯಾಲೆಗೆ ಹಿಂದಿರುಗುವ ಈ ನಡೆ ಸೋಲಲ್ಲ. ತಮಗೆ ಇನ್ನೂ ಯಾವುದು ಬೇಕಾಗಿದೆಯೆಂಬ ಅರಿವು. ಹನ್ನೆರಡು ವರ್ಷದ ಒಲವನ್ನು ಅದರ ವಯಸ್ಸಿಗೆ ಮೀರಿ ಬೆಳೆಸದೆ ಕರ್ತೃಗಳು ಇಲ್ಲಿ ತೋರಿರುವ ಸಂಯಮವು ಕೃತಿಯ ಅತ್ಯಂತ ಶ್ಲಾಘ್ಯವಾದ ಗುಣ.

ಪೂರ್ವರಾಗದ ಬಳಿಕ ಮಾನ. ಎರಡನೆಯ ಋತುವಿನ ಒಂದು ಕಂತಿನ ಹೆಸರಿನಲ್ಲಿಯೇ ಆರು ಮಂದಿ ಸೇರಿದ್ದಾರೆ: ನಾನು, ನೀನು, ಕರ್ಕ್, ಪಾಲ್, ಕಾರ್ಲಾ ಮತ್ತು ಬೆಕಿ. ನಮ್ಮ ಕಾವ್ಯಗಳಲ್ಲಿ ದೂತಿಯ ಕೆಲಸ ಒಬ್ಬಳದು. ಶಾಲೆಯ ಹಜಾರದಲ್ಲಿ ಅದು ಇಡೀ ತರಗತಿಯದು. ಒಬ್ಬರ ಮಾತನ್ನು ಇನ್ನೊಬ್ಬರು ಮತ್ತೊಬ್ಬರಿಗೆ ದಾಟಿಸುವಷ್ಟರಲ್ಲಿ ಅರ್ಥವೆಲ್ಲ ತಲೆಕೆಳಗಾಗುತ್ತದೆ. ವಿನ್ನಿಗೆ ಅಸೂಯೆ ಹುಟ್ಟಲೆಂದು ಕೆವಿನ್ ಬೆಕಿ ಸ್ಲೇಟರ್ ಎಂಬ ಹುಡುಗಿಯ ಜೊತೆಗಾರನಾಗುತ್ತಾನೆ. ನಿಜ ತಿಳಿದಾಗ ಬೆಕಿ ಅವನಿಗೆ ಸರಿಯಾಗಿಯೇ ಗುದ್ದುತ್ತಾಳೆ. ನೋಡುವವರು ನಗುತ್ತಾರೆ, ಆದರೆ ಆ ಗುದ್ದಿನಲ್ಲಿ ನ್ಯಾಯವಿದೆ. ಒಲವಿನ ಆಟದಲ್ಲಿ ಕಾಯಿಯಾಗಿ ಬಳಸಲ್ಪಟ್ಟವಳಿಗೂ ಒಂದು ಮಾನವುಂಟೆಂಬುದನ್ನು ಕೃತಿಯು ಆ ಒಂದು ಚೇಷ್ಟೆಯಿಂದ ಸಾರುತ್ತದೆ. ಬೆಕಿಯ ಪಾತ್ರವನ್ನು ಅಭಿನಯಿಸಿದವಳು ವಿನ್ನಿಯ ಪಾತ್ರಧಾರಿಣಿಯ ಒಡಹುಟ್ಟಿದ ತಂಗಿ ಕ್ರಿಸ್ಟಲ್ ಮೆಕೆಲರ್ ಎಂಬುದು ಕುತೂಹಲದ ಸಂಗತಿ. ಮುಂದೆ ಮೂರನೆಯ ಋತುವಿನಲ್ಲಿ ವಿನ್ನಿಗೆಂದು ಬರೆದ ಪ್ರೇಮಪತ್ರಿಕೆ ತಪ್ಪಿ ಇದೇ ಬೆಕಿಯ ಪೆಟ್ಟಿಗೆಗೆ ಸೇರುತ್ತದೆ. ಹಾಸ್ಯವು ತನ್ನ ಸಾಲವನ್ನು ಮರೆಯುವುದಿಲ್ಲ!

ಮಾನದ ಬಳಿಕ ಪ್ರವಾಸ. ಇದು ದೂರದೇಶಕ್ಕೆ ಹೋದ ನಾಯಕನ ಪ್ರವಾಸವಲ್ಲ. ಮೂರನೆಯ ಋತುವಿನ ಕೊನೆಯಲ್ಲಿ ವಿನ್ನಿಯ ಮನೆಯವರು ಅದೇ ಊರಿನ ಇನ್ನೊಂದು ಭಾಗಕ್ಕೆ ಬಿಡಾರ ಬದಲಿಸುತ್ತಾರೆ; ಅವಳು ಬೇರೆ ಶಾಲೆಗೆ ಸೇರುತ್ತಾಳೆ. ದೊಡ್ಡವರ ಲೆಕ್ಕದಲ್ಲಿ ಅದು ಮೋಟಾರಿನಲ್ಲಿ ಕೆಲವು ನಿಮಿಷಗಳ ಹಾದಿ. ಎದುರುಮನೆಯ ಕಿಟಕಿಯ ದೀಪವನ್ನು ನೋಡಿ ಬೆಳೆದವನಿಗೆ ಅದು ಸಮುದ್ರದಷ್ಟು ದೂರ. ಅಷ್ಟರಲ್ಲಿ ಅವರ ಹಾರ್ಪರ್ಸ್ ವುಡ್ಸ್ ತೋಪನ್ನು ಕಡಿದು ಅಂಗಡಿಗಳ ಸಂಕೀರ್ಣವನ್ನು ಕಟ್ಟುವ ಸನ್ನಾಹವನ್ನೂ ನಾವು ಕಂಡಿರುತ್ತೇವೆ. ಒಲವು ಹುಟ್ಟಿದ ಸ್ಥಳವೂ ಉಳಿಯದು, ಒಲಿದವರ ನೆರೆಹೊರೆಯೂ ಉಳಿಯದು. ನಾಲ್ಕನೆಯ ಋತುವಿನ ಕೊನೆಗೆ, 1991ರಲ್ಲಿ, ಮೋಟಾರು ಅಪಘಾತದಲ್ಲಿ ಗಾಯಗೊಂಡ ವಿನ್ನಿಯನ್ನು ಕಾಣಲು ಕೆವಿನ್ ಅವಳ ಮನೆಯ ಗೋಡೆಯನ್ನು ಏರುತ್ತಾನೆ. ಕಿಟಕಿಯ ಗಾಜಿನ ಆಚೆ ಅವಳು, ಈಚೆ ಇವನು. ಹೇಳಬೇಕಾದ ಮಾತನ್ನು ತುಟಿಗಳ ಚಲನೆಯಿಂದ ಹೇಳಿಕೊಳ್ಳುತ್ತಾರೆ. ಸದಾ ಮಾತನಾಡುವ ನಿರೂಪಕನನ್ನು ಇಟ್ಟುಕೊಂಡ ಕೃತಿಯಲ್ಲಿ ಅತ್ಯಂತ ಮುಖ್ಯವಾದ ಮಾತು ಸದ್ದಿಲ್ಲದೆ ನಡೆಯುವುದನ್ನು ಸಹೃದಯರು ಮೆಚ್ಚದಿರಲಾರರು.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನೂ ಹೇಳುವುದು ವಿಮರ್ಶೆಯ ಧರ್ಮ. ನಮಗೆ ತೋರುವ ಮೊದಲ ದೋಷವು ಕೃತಿಯ ಮುಖ್ಯ ಗುಣದಿಂದಲೇ ಹುಟ್ಟಿದುದು. ಧ್ವನಿ ಕೆವಿನ್ನನದು, ಆದುದರಿಂದ ಎಲ್ಲವೂ ಕೆವಿನ್ ಕಂಡಷ್ಟೇ. ಅಣ್ಣನನ್ನು ಕಳೆದುಕೊಂಡವಳು ವಿನ್ನಿ. ತಂದೆತಾಯಿಗಳ ಬೇರ್ಪಡೆಯನ್ನು ಕಂಡವಳು ವಿನ್ನಿ. ಮನೆ ಬಿಟ್ಟು ಹೋಗಬೇಕಾದವಳೂ ಅವಳೇ. ಕಥೆಯಲ್ಲಿ ಅತಿ ಹೆಚ್ಚು ಕಷ್ಟ ಯಾರಿಗೆ ಬಂದಿತೋ ಅವರಿಗೆ ಅತಿ ಕಡಿಮೆ ಮಾತು ದೊರೆತಿದೆ. ಅವಳ ಮೌನವನ್ನು ಕೆವಿನ್ ನಿಗೂಢತೆಯೆಂದು ತಿಳಿಯುತ್ತಾನೆ. ನೋಡುಗನಿಗೆ ಅದು ದುಃಖವೆಂದು ಹೊಳೆಯಲು ಎಷ್ಟೋ ಕಂತುಗಳು ಬೇಕಾಗುತ್ತವೆ. ಪ್ರೌಢ ನಿರೂಪಕನಿಗಾದರೂ ಇದು ಹೊಳೆದು, ತಾನು ಅಂದು ಕಾಣದೆ ಹೋದುದನ್ನು ನುಡಿಯಬೇಕಾಗಿದ್ದಿತು. ಅಲ್ಲಲ್ಲಿ ನುಡಿಯುತ್ತಾನೆ, ಸಾಕಷ್ಟು ನುಡಿಯುವುದಿಲ್ಲ. ಕಥೆಯ ವಿನ್ನಿ ಹೀಗೆ ಮತ್ತೊಬ್ಬನ ನೆನಪಿನಲ್ಲಿಯೇ ಉಳಿದರೂ ಅವಳ ಪಾತ್ರವನ್ನು ವಹಿಸಿದ ಮೆಕೆಲರ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಗಣಿತವನ್ನು ಅಭ್ಯಸಿಸಿ 1998ರಲ್ಲಿ ಪದವಿ ಪಡೆದರು. ಚೇಯ್ಸ್, ಮೆಕೆಲರ್ ಮತ್ತು ವಿನ್ ಎಂಬ ಮೂವರ ಹೆಸರಿನಲ್ಲಿ ಒಂದು ಪ್ರಮೇಯವೇ ಪ್ರಸಿದ್ಧವಾಗಿದೆ. ಮುಂದೆ ಅವರು ಹುಡುಗಿಯರಿಗೆ ಗಣಿತದ ಭಯವನ್ನು ಬಿಡಿಸುವ ಪುಸ್ತಕಗಳನ್ನೂ ಬರೆದರು. ನಮ್ಮ ವಿದ್ಯಾರ್ಥಿನಿಯರು ತೆರೆಯ ಮೇಲಣ ವಿನ್ನಿಯ ಜೊತೆಗೆ ಇದನ್ನೂ ತಿಳಿದಿರುವುದು ಲೇಸು.

ಎರಡನೆಯ ದೋಷವು ಪಾಲ್ ಫೈಫರನಿಗೆ ಸಂಬಂಧಿಸಿದುದು. ಕನ್ನಡಕ ತೊಟ್ಟ, ಹತ್ತಾರು ಪದಾರ್ಥಗಳು ಒಗ್ಗದೆ ಸೀನುವ, ಓದಿನಲ್ಲಿ ಮುಂದಿರುವ ಈ ಹುಡುಗ ಕೆವಿನ್ನನ ನಿಜವಾದ ಸಖ. ಅವನು ಯೆಹೂದಿ ಮನೆತನದವನು. ಅವನ ಬಾರ್ ಮಿಟ್ಸ್ವಾ ಸಂಸ್ಕಾರವು ಕೆವಿನ್ನನ ಹುಟ್ಟುಹಬ್ಬದ ದಿನವೇ ಬಂದಾಗ ಕೆವಿನ್ನನಿಗೆ ಹೊಟ್ಟೆಕಿಚ್ಚಾಗುತ್ತದೆ. ಗೆಳೆಯನ ಹಿಂದೆ ಒಂದು ಪರಂಪರೆಯಿದೆ, ತನ್ನ ಹಿಂದೆ ಏನೂ ಇಲ್ಲವೆಂಬ ಕೊರಗು ಅದರಲ್ಲಿ ಅಡಗಿದೆ. ಕಡೆಗೆ ಅವನು ಸಂಸ್ಕಾರಕ್ಕೆ ಹೋಗುತ್ತಾನೆ. ಗೆಳೆತನದಲ್ಲಿಯೂ ಮಾನವುಂಟು, ಅಸೂಯೆಯುಂಟು, ಒಪ್ಪಂದವುಂಟು ಎಂಬುದನ್ನು ಇಷ್ಟು ನವುರಾಗಿ ತೋರಿಸಬಲ್ಲ ಲೇಖನಿ, ಋತುಗಳು ಕಳೆದಂತೆ ಪಾಲನನ್ನು ಬದಿಗೆ ಸರಿಸುತ್ತದೆ. ಕೊನೆಯ ಕಂತಿನಲ್ಲಿ ಅವನ ಮುಂದಿನ ಬಾಳೆಲ್ಲ ಎರಡು ಮೂರು ವಾಕ್ಯಗಳಲ್ಲಿ ಮುಗಿಯುತ್ತದೆ: ಹಾರ್ವರ್ಡಿಗೆ ಹೋದ, ಕಾನೂನು ಓದಿದ, ಅವನಿಗೆ ಒಗ್ಗದ ಪದಾರ್ಥಗಳು ಈಗಲೂ ಒಗ್ಗುವುದಿಲ್ಲ. ಪ್ರಣಯದ ಗೆಳತಿಗೆ ಇಡೀ ಕಂತು, ಪ್ರಾಣದ ಗೆಳೆಯನಿಗೆ ಒಂದು ನಗೆಮಾತು! ಗೆಳೆತನವನ್ನು ಒಲವಿನ ಕೆಳಗಣ ಮೆಟ್ಟಿಲೆಂದು ಎಣಿಸದ ಕೃತಿ ಇದೆಂದು ನಾವು ಹೊಗಳಬೇಕೆಂದಿರುವಾಗ ಪಾಲನಿಗಾದ ಈ ಅನ್ಯಾಯ ಅಡ್ಡ ಬರುತ್ತದೆ.

2021ರಲ್ಲಿ ಇದೇ ಹೆಸರಿನಿಂದ ಬಂದ ಹೊಸ ಧಾರಾವಾಹಿಯು ಈ ಗಂಟನ್ನು ಬೇರೊಂದು ತುದಿಯಿಂದ ಹಿಡಿಯಿತು. ಅಲಬಾಮಾ ಪ್ರಾಂತದ ಮಾಂಟ್ಗಮರಿಯಲ್ಲಿ ನೆಲಸಿದ ಕರಿಯ ಜನಾಂಗದ ಕುಟುಂಬವೊಂದರ ಹುಡುಗ ಡೀನ್ ವಿಲಿಯಮ್ಸ್ ಅಲ್ಲಿಯ ನಾಯಕ. ನಿರೂಪಣೆಯ ಧ್ವನಿ ಡಾನ್ ಚೀಡಲ್ ಅವರದು. ಮಾರ್ಟಿನ್ ಲೂಥರ್ ಕಿಂಗರು ಹತರಾದ ಸುದ್ದಿ ಬಂದ ದಿನ, ಅಂದರೆ 1968ರ ಏಪ್ರಿಲ್ 4ರಂದು, ತಾನು ಮನಸ್ಸಿಟ್ಟ ಕೀಸಾ ಎಂಬ ಹುಡುಗಿ ತನ್ನ ಪ್ರಾಣಸ್ನೇಹಿತ ಕೋರಿಗೆ ಮುತ್ತಿಕ್ಕುತ್ತಿರುವುದನ್ನು ಡೀನ್ ಕಾಣುತ್ತಾನೆ. ಹಳೆಯ ಕೃತಿಯ ಮೊದಲ ಕಂತಿನಲ್ಲಿ ದೇಶದ ದುಃಖ ಹುಡುಗನಿಗೆ ಒಲವನ್ನು ತಂದಿತು. ಇಲ್ಲಿ ಅದೇ ದಿನ ಒಲವೂ ಗೆಳೆತನವೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ. ಎರಡು ಋತುಗಳ ಬಳಿಕ, 2023ರಲ್ಲಿ, ಈ ಧಾರಾವಾಹಿ ನಿಂತಿತು. ಆದರೂ ಸಖನನ್ನು ಒಲವಿನ ಕಥೆಯ ನಡುವಿಗೇ ತಂದು ನಿಲ್ಲಿಸಿದ ಕೀರ್ತಿ ಅದರ ಮೊದಲ ಕಂತಿಗೆ ಸಲ್ಲಬೇಕು.

ಇನ್ನು ಹಳೆಯ ಕೃತಿಯ ಮುಕ್ತಾಯದ ವಿಚಾರ. ಕೊನೆಯ ಕಂತಿನಲ್ಲಿ, 1973ರ ಬೇಸಗೆಯಲ್ಲಿ, ಕೆವಿನ್ ವಿನ್ನಿಯರು ಜಗಳವಾಡಿ, ದಾರಿಯಲ್ಲಿ ಮಳೆಗೆ ಸಿಕ್ಕಿ, ಒಂದು ಕೊಟ್ಟಿಗೆಯಲ್ಲಿ ಆಶ್ರಯ ಪಡೆದು, ಏನೇ ಆಗಲಿ ಜೊತೆಯಾಗಿರುವೆವೆಂದು ಮಾತು ಕೊಟ್ಟುಕೊಂಡು, ಜುಲೈ 4ರ ಸ್ವಾತಂತ್ರ್ಯೋತ್ಸವದ ಮೆರವಣಿಗೆಯ ಹೊತ್ತಿಗೆ ಊರಿಗೆ ಹಿಂದಿರುಗುತ್ತಾರೆ. ಅಲ್ಲಿಗೆ ನಿರೂಪಕನು ಮುಂದಿನದನ್ನು ಹೇಳಿಬಿಡುತ್ತಾನೆ. ಮಾರನೆಯ ವರ್ಷ ವಿನ್ನಿ ಕಲೆಯ ಇತಿಹಾಸವನ್ನು ಓದಲು ಪ್ಯಾರಿಸ್ಸಿಗೆ ಹೋದಳು. ಎಂಟು ವರ್ಷಗಳ ಕಾಲ ವಾರಕ್ಕೊಂದರಂತೆ ಇಬ್ಬರೂ ಕಾಗದ ಬರೆದುಕೊಂಡರು. ಅವಳು ಮರಳಿ ಬಂದಾಗ ಎದುರುಗೊಳ್ಳಲು ಹೋದ ಕೆವಿನ್ನನ ಜೊತೆಯಲ್ಲಿ ಅವನ ಹೆಂಡತಿಯೂ ಎಂಟು ತಿಂಗಳ ಮಗನೂ ಇದ್ದರು.

ಇದು ನೋಡುಗರಿಗೆ ಮಾಡಿದ ವಂಚನೆಯೆಂದು ಹೇಳುವವರಿದ್ದಾರೆ. ಆರು ಋತುಗಳ ಕಾಲ ಬೆಳೆಸಿದ ಒಲವನ್ನು ಎರಡು ವಾಕ್ಯಗಳಲ್ಲಿ ಕೈಬಿಡುವುದು ನ್ಯಾಯವೆ ಎಂಬುದು ಅವರ ಪ್ರಶ್ನೆ. ನಾವು ಇದನ್ನು ಒಪ್ಪುವುದಿಲ್ಲ. ಮೊದಲ ಕಂತಿನಿಂದಲೂ ನಿರೂಪಕನ ಧ್ವನಿಯಲ್ಲಿ ಕಳೆದುಹೋದುದರ ನೆನಪಿದೆಯೇ ಹೊರತು ಕೈಗೂಡಿದುದರ ಬಿಂಕವಿಲ್ಲ. ವಿನ್ನಿಯು ಅವನ ಪಕ್ಕದಲ್ಲಿ ಕುಳಿತಿದ್ದರೆ ಅವನು ಈ ಕಥೆಯನ್ನು ಇಷ್ಟು ಹಂಬಲದಿಂದ ಹೇಳುತ್ತಿದ್ದನೆ? ಅದಲ್ಲದೆ, ಮುರಿದುದು ಯಾವುದು, ಉಳಿದುದು ಯಾವುದು ಎಂಬುದನ್ನು ನೋಡಬೇಕು. ಕೊಟ್ಟಿಗೆಯಲ್ಲಿ ಕೊಟ್ಟ ಮಾತು ದಾಂಪತ್ಯವಾಗಿ ಫಲಿಸಲಿಲ್ಲ. ಆದರೆ ಎಂಟು ವರ್ಷ ವಾರವೂ ತಪ್ಪದೆ ಕಾಗದ ಬರೆಯುವುದು ಮಾತು ಮುರಿದವರ ಲಕ್ಷಣವಲ್ಲ. ಒಲವು ಬರುವುದಕ್ಕೆ ಮೊದಲು ಇದ್ದ ಗೆಳೆತನವು ಒಲವು ಹೋದ ಮೇಲೂ ಇದ್ದಿತು. ಉಯ್ಯಾಲೆಯ ಮೇಲೆ ಆ ಮಕ್ಕಳು ಕಾಪಾಡಿಕೊಂಡುದು ಇದನ್ನೇ. ಹೀಗೆ ನೋಡಿದರೆ ಕೊನೆಯ ಕಂತು ಎರಡನೆಯ ಕಂತಿಗೆ ವಿರೋಧವಾಗಿಲ್ಲ; ಅದರ ಸಹಜವಾದ ಬೆಳವಣಿಗೆಯಾಗಿದೆ.

ಕಡೆಯದಾಗಿ ಉಪಾಧ್ಯಾಯರಿಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಹೇಳಿ ಮುಗಿಸುತ್ತೇವೆ. ಕೆವಿನ್ನನ ಎಳೆಯ ಒಲವು ಓರಗೆಯವರನ್ನು ಮಾತ್ರ ಹುಡುಕುವುದಿಲ್ಲ. ಒಮ್ಮೆ ಅದು ಇಂಗ್ಲಿಷ್ ಪಾಠ ಹೇಳುವ ಮಿಸ್ ವೈಟ್ ಎಂಬ ಉಪಾಧ್ಯಾಯಿನಿಯ ಮೇಲೂ ನೆಲೆಗೊಳ್ಳುತ್ತದೆ. ಕೃತಿಯು ಅದನ್ನು ಪಾಪವೆಂದು ಬಗೆಯುವುದಿಲ್ಲ, ಪ್ರಣಯವೆಂದು ಬೆಳೆಸುವುದೂ ಇಲ್ಲ; ಕಲಿಯುವ ಮನಸ್ಸಿನ ಒಂದು ಜ್ವರವೆಂದು ಅರಿತು ಅದು ತಾನಾಗಿ ಇಳಿಯುವವರೆಗೆ ಕಾಯುತ್ತದೆ. ಇನ್ನೊಂದು, ಗಣಿತದ ಕಾಲಿನ್ಸರ ಕಥೆ. ತರಗತಿ ಬಿಟ್ಟ ಮೇಲೆ ಕೆವಿನ್ನನಿಗೆ ಪ್ರತ್ಯೇಕವಾಗಿ ಪಾಠ ಹೇಳುತ್ತಿದ್ದ ಈ ಮಿತಭಾಷಿ ಪರೀಕ್ಷೆಯ ಮುನ್ನ ಪಾಠವನ್ನು ನಿಲ್ಲಿಸಿಬಿಡುತ್ತಾರೆ. ತಾವು ನನ್ನ ಗೆಳೆಯರೆಂದು ತಿಳಿದಿದ್ದೆನೆಂದು ಹುಡುಗನು ನೊಂದು ನುಡಿದಾಗ, ತಾವು ಗೆಳೆಯರಲ್ಲ, ಉಪಾಧ್ಯಾಯರೆಂದು ಅವರು ಉತ್ತರಿಸುತ್ತಾರೆ. ಸಿಟ್ಟಿನಿಂದ ಹುಡುಗನು ಉತ್ತರಪತ್ರಿಕೆಯಲ್ಲಿ ಕುಚೋದ್ಯಗಳನ್ನು ಬರೆದು ಕೊಡುತ್ತಾನೆ. ಕೆಲವೇ ದಿನಗಳಲ್ಲಿ ಕಾಲಿನ್ಸರು ತೀರಿಕೊಂಡರೆಂದು ತಿಳಿಯುತ್ತದೆ. ಅವರು ಅವನಿಗಾಗಿ ಬರೆಯದ ಹೊಸ ಪ್ರಶ್ನೆಪತ್ರಿಕೆಯೊಂದನ್ನು ಬಿಟ್ಟುಹೋಗಿರುತ್ತಾರೆ.

ಹದಿಹರೆಯದಲ್ಲಿ ಒಲವು, ಗೆಳೆತನ, ಗುರುಭಕ್ತಿಗಳ ನಡುವಣ ಗೆರೆಗಳು ಇನ್ನೂ ಒಣಗಿರುವುದಿಲ್ಲ. ಮಕ್ಕಳು ಒಂದನ್ನು ಇನ್ನೊಂದೆಂದು ಭ್ರಮಿಸುತ್ತಾರೆ. ಆ ಗೆರೆಯನ್ನು ಹಿರಿಯನು ತಾನು ಎಳೆಯಬೇಕು. ಎಳೆದ ಮೇಲೆ ಮಗುವಿನ ಕೈಬಿಡಬಾರದು. ಕಾಲಿನ್ಸರು ಎರಡನ್ನೂ ಮಾಡಿದರು. ತರಗತಿಯಲ್ಲಿ ಸಿಕ್ಕಿದ ಚೀಟಿಯೊಂದನ್ನು ಎಲ್ಲರಿಗೂ ಕೇಳುವಂತೆ ಓದಿ ನಗಿಸುವ ಅಭ್ಯಾಸ ನಮ್ಮ ಶಾಲೆಗಳಿಂದ ಇನ್ನೂ ಪೂರ್ತಿ ತೊಲಗಿಲ್ಲ. ಹಾಗೆ ಓದಲು ಕೈ ಮುಂದಾದಾಗ ಉಪಾಧ್ಯಾಯರು ಊಟದ ಮನೆಯೊಳಕ್ಕೆ ಬಿದ್ದ ಆ ಸೇಬಿನ ಹಣ್ಣನ್ನು ನೆನೆದು, ಚೀಟಿಯನ್ನು ಮಡಿಸಿ, ಬರೆದ ಮಗುವಿಗೆ ಮೌನವಾಗಿ ಹಿಂದಿರುಗಿಸಿದರೆ ಈ ಕೃತಿಯನ್ನು ನೋಡಿದುದು ಸಾರ್ಥಕವಾದೀತು.